ರೀಲು ದಂಡ ಮಾಡೋಣ ಬನ್ನಿ

"ರೀಲು ದಂಡ ಮಾಡಬೇಡ" ಎಂಬ ಮಾತನ್ನು ಕೇಳದೆ ಬೆಳೆದ ಹೆಂಗಸು ನನ್ನ ವಯಸ್ಸಿನವರಲ್ಲಿ ಇರಲಾರಳು. ಈಗಿನ ಹುಡುಗಿಯರಿಗೆ ರೀಲು ಎಂದರೆ ಫೋನಿನಲ್ಲಿ ಕುಣಿಯುವುದು. ನಾನು ಹೇಳುತ್ತಿರುವುದು ಕ್ಯಾಮೆರಾಗೆ ಹಾಕುತ್ತಿದ್ದ ರೀಲಿನ ವಿಷಯ. ಒಂದರಲ್ಲಿ 12 ಚಿತ್ರ, ಇಲ್ಲವೇ 36. ಮದುವೆ ಮನೆಯಲ್ಲೋ ಜಾತ್ರೆಯಲ್ಲೋ ನಾವು ಕ್ಯಾಮೆರಾ ಮುಟ್ಟಿದರೆ ಸಾಕು, ಎಲ್ಲಿಂದಲೋ ಒಂದು ಗಂಡು ದನಿ: "ಇಡು ಅದನ್ನ, ರೀಲು ದಂಡ ಆಗುತ್ತೆ." ಅದೇ ದನಿಯವರು ಮದುಮಗಳ ತಲೆ ಕತ್ತರಿಸಿ, ಲೆನ್ಸಿಗೆ ಹೆಬ್ಬೆರಳು ಅಡ್ಡ ಇಟ್ಟು ತೆಗೆದ ಚಿತ್ರಗಳಿಗೆ ಮಾತ್ರ ಲೆಕ್ಕವಿಲ್ಲ. ಆಗ ರೀಲು ದಂಡವಾಗುತ್ತಿರಲಿಲ್ಲ, "ಬೆಳಕು ಸರಿ ಇರಲಿಲ್ಲ" ಅಷ್ಟೆ.

ಊರುಗಳಲ್ಲಿರುವ ನನ್ನಂಥ ಹೆಂಗಸರು, ಮೂವತ್ತು ದಾಟಿದವರು, ಐವತ್ತು ದಾಟಿದವರು, ಒಂದು ಆಟಿಕೆ ಕ್ಯಾಮೆರಾ ಸಂಪಾದಿಸಬೇಕು. ಅದಕ್ಕೊಂದು ರೀಲು ಹಾಕಿ, ಯಾರ ಅಪ್ಪಣೆಯನ್ನೂ ಕೇಳದೆ ಅದನ್ನು ದಂಡ ಮಾಡಬೇಕು ಎಂಬುದು ನನ್ನ ವಾದ. ಇದು ಹುಚ್ಚು ಎನ್ನುವವರಿದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ. ಅವರ ಮಾತನ್ನೂ ಒಂದೊಂದಾಗಿ ಕೇಳಿಸಿಕೊಂಡೇ ಉತ್ತರ ಹೇಳುತ್ತೇನೆ.

ಆಟಿಕೆ ಕ್ಯಾಮೆರಾ ಎಂದಾಕ್ಷಣ ಜಾತ್ರೆಯಲ್ಲಿ ಸಿಗುವ, ಒತ್ತಿದರೆ ತಾಜಮಹಲು ತೋರಿಸುವ ಡಬ್ಬಿ ಎಂದುಕೊಳ್ಳಬೇಡಿ. ಇದರಲ್ಲಿ ನಿಜವಾದ ಚಿತ್ರ ಬರುತ್ತದೆ. ಪ್ಲಾಸ್ಟಿಕ್ಕಿನದೋ ಗಾಜಿನದೋ ಒಂದು ಸರಳ ಲೆನ್ಸು, ಒಂದೇ ವೇಗದಲ್ಲಿ ತೆರೆದು ಮುಚ್ಚುವ ಷಟರು, ರೀಲು ಸುತ್ತಲು ಒಂದು ತಿರುಗಣೆ. ಹೆಚ್ಚೆಂದರೆ ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಫ್ಲಾಶ್ ಇಲ್ಲದಿದ್ದರೆ ಬ್ಯಾಟರಿಯೂ ಬೇಡ. ಅಮೆರಿಕದ ಕೊಡಕ್ ಕಂಪನಿ 1900ರಲ್ಲಿ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆಯ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರಿತು. ಮಕ್ಕಳೂ ಬಳಸಬಹುದು ಎಂದೇ ಅದರ ಜಾಹೀರಾತು. 1960ರ ದಶಕದಲ್ಲಿ ಹಾಂಗ್‌ಕಾಂಗಿನಿಂದ ಡಯಾನಾ ಬಂತು, 1982ರಲ್ಲಿ ಅಲ್ಲಿಂದಲೇ ಹೋಲ್ಗಾ ಬಂತು. ಹೋಲ್ಗಾ ಮಾಡಿದ್ದು ಚೀನಾದ ಸಾಮಾನ್ಯ ಸಂಸಾರಸ್ಥರ ಕೈಗೆ ಎಟುಕಲಿ ಎಂದು. ಅಂದರೆ ಏನೂ ಗೊತ್ತಿಲ್ಲದವರು, ಹೆಚ್ಚು ದುಡ್ಡಿಲ್ಲದವರು ಬಳಸಲಿ ಎಂದೇ ಈ ಜಾತಿಯ ಕ್ಯಾಮೆರಾಗಳು ಹುಟ್ಟಿದವು.

ನಮ್ಮ ಕಡೆಯೂ ಇವು ಇರಲಿಲ್ಲವೆಂದಲ್ಲ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ತ್ರೀ, ಅದರ ತಮ್ಮನಂತಿದ್ದ ಐಸೋಲಿ, 1980ರ ದಶಕದ ಹಾಟ್ ಶಾಟ್, 1990ರ ದಶಕದ ಕೊಡಕ್ ಕೆಬಿ-10, ಇವು ತುಮಕೂರಿನ ಮೇಷ್ಟರ ಮನೆಗಳಲ್ಲಿ, ಗುಬ್ಬಿಯ ಅಡಿಕೆ ಮಂಡಿಯವರ ಮನೆಗಳಲ್ಲಿ, ಕುಣಿಗಲಿನ ಗುಮಾಸ್ತರ ಮನೆಗಳಲ್ಲಿ ಇದ್ದವು. ಊಟಿಯ ಹಿಂದೂಸ್ತಾನ್ ಫೋಟೋ ಫಿಲಮ್ಸ್ ಕಾರ್ಖಾನೆ "ಇಂದು" ಹೆಸರಿನ ಕಪ್ಪುಬಿಳುಪು ರೀಲು ಮಾಡುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಮಕ್ಕಳೂ ಬಳಸಬಹುದಾದ ವಸ್ತು ನಮ್ಮ ಮನೆಗಳಿಗೆ ಬಂದ ಮೇಲೆ ಏನಾಯಿತು? ಬೀರುವಿನ ಒಳಗೆ, ಮನೆಪತ್ರದ ಪಕ್ಕ, ಬೀಗದ ಹಿಂದೆ ಕೂತಿತು. ಮಗ ಎಂಟನೇ ಕ್ಲಾಸಿಗೆ ಬಂದ ಕೂಡಲೇ ಅವನ ಕೈಗೆ ಸಿಕ್ಕಿತು. ಅವನ ತಾಯಿಯ ಕೈಗೆ ಸಿಗಲಿಲ್ಲ.

ಕುಣಿಗಲಿನಲ್ಲಿ ನನ್ನ ದೊಡ್ಡಮ್ಮ ಇದ್ದರು. ನಲವತ್ತು ವರ್ಷಕ್ಕೂ ಮಿಕ್ಕಿ ದೊಡ್ಡಕೆರೆಯ ಸಮೀಪ ಬಾಳಿದವರು. ಕೆರೆ ಕೋಡಿ ಬಿದ್ದ ವರ್ಷಗಳು ಅವರಿಗೆ ಬಾಯಿಪಾಠ. ಏರಿಯ ಮೇಲೆ ಹೊತ್ತು ಮುಳುಗುವಾಗ ನೀರು ಯಾವ ತಿಂಗಳಲ್ಲಿ ಯಾವ ಬಣ್ಣ ತಿರುಗುತ್ತದೆ ಎಂದು ಹೇಳುತ್ತಿದ್ದರು. ದೊಡ್ಡಪ್ಪನ ಬೀರುವಿನಲ್ಲಿ ಒಂದು ಆಗ್ಫಾ ಕ್ಲಿಕ್ ಇತ್ತು. ದೊಡ್ಡಮ್ಮ ತೀರಿಕೊಂಡಾಗ ಪತ್ರಿಕೆಗೆ ಕೊಡಲು ಫೋಟೋ ಹುಡುಕಿದರೆ ಒಂದೂ ಸರಿಯಾದದ್ದು ಸಿಗಲಿಲ್ಲ. ಕೊನೆಗೆ ಯಾರದೋ ಮದುವೆಯ ಗುಂಪು ಫೋಟೋದಿಂದ ಅವರ ಮುಖ ಕತ್ತರಿಸಿ ತೆಗೆದರು. ಪಕ್ಕದವರ ಭುಜ, ಜರಿ ಅಂಚು, ಅದರಲ್ಲೇ ಉಳಿಯಿತು. ಅವರ ಒಂದು ಒಳ್ಳೆಯ ಫೋಟೋ ಇಲ್ಲವಲ್ಲ ಎಂದು ಎಲ್ಲರೂ ಪೇಚಾಡಿಕೊಂಡರು. ಅವರು ತೆಗೆದ ಒಂದು ಫೋಟೋ ಇಲ್ಲವಲ್ಲ ಎಂದು ಯಾರೂ ಹೇಳಲಿಲ್ಲ. ಆ ಕೆರೆಯನ್ನು ಅಷ್ಟು ವರ್ಷ ನೋಡಿದ ಕಣ್ಣು ಏನು ಕಂಡಿತ್ತೆಂಬುದು ಅವರ ಜೊತೆಗೇ ಹೋಯಿತು. ನನಗೆ ಕೋಪ ಬಂದದ್ದು ಇದಕ್ಕೆ. ಆ ಕೋಪ ಇನ್ನೂ ಇಳಿದಿಲ್ಲ.

ನಮ್ಮ ಆಲ್ಬಮ್ಮುಗಳನ್ನೇ ತೆರೆದು ನೋಡಿ. ಧಾರೆ, ಉಪನಯನ, ಗೃಹಪ್ರವೇಶ, ಸೀಮಂತ, ಹೊಸ ಸ್ಕೂಟರು. ಹಿತ್ತಲ ಒಗೆಯುವ ಕಲ್ಲು ಇದೆಯೇ? ನೀರೊಲೆಯ ಹೊಗೆ? ಮಧ್ಯಾಹ್ನ ಮೂರಕ್ಕೆ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತ ನಾಲ್ಕು ಜನ? ಮನೆಯ ನಿಜವಾದ ದಿನಗಳು ಅಲ್ಲಿಲ್ಲ. ಯಾವುದು ಫೋಟೋಗೆ ಯೋಗ್ಯ ಎಂದು ತೀರ್ಮಾನಿಸಿದವರು ಆ ಹೊತ್ತಿನಲ್ಲಿ ಮನೆಯಲ್ಲಿರಲಿಲ್ಲ.

ಇನ್ನು ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು: "ಈಗ ಫೋನಿನಲ್ಲಿ ಕ್ಯಾಮೆರಾ ಇದೆಯಲ್ಲ. ದುಡ್ಡು ಕೊಡದೆ ಸಾವಿರ ತೆಗಿ. ಯಾರು ಬೇಡ ಅಂದರು?" ಮಾತು ನಿಜ. ಫೋನು ನನ್ನ ಹತ್ತಿರವೂ ಇದೆ. ಆದರೆ ಫೋನು ನನ್ನದಾಗಿದ್ದು ಯಾವಾಗ? ಮಗನ ಆನ್‌ಲೈನ್ ಪಾಠ, ಗ್ಯಾಸ್ ಬುಕ್ಕಿಂಗು, ಸಂಘದ ಗುಂಪು, ಅತ್ತೆಯವರ ಮಾತ್ರೆಯ ಚೀಟಿ, ಎಲ್ಲವೂ ಅದರೊಳಗೇ. ಒಂದು ಚಿತ್ರ ತೆಗೆಯಲು ಕೈಗೆತ್ತಿಕೊಂಡರೆ ಮೂರು ಸಂದೇಶ ಕರೆಯುತ್ತವೆ. ತೆಗೆದ ಚಿತ್ರವನ್ನು ಮನೆಯವರೆಲ್ಲ ನೋಡುತ್ತಾರೆ, "ಇದೇನು ತೆಗೆದೆ, ಬರೀ ಗೋಡೆ" ಎಂದು ಅಳಿಸಿಯೂ ಬಿಡುತ್ತಾರೆ. ರೀಲಿನ ಕ್ಯಾಮೆರಾಗೆ ಯಾರೂ ಫೋನು ಮಾಡಲಾರರು. ಅದರೊಳಗಿನ ಚಿತ್ರವನ್ನು ಯಾರೂ ಇಣುಕಿ ನೋಡಲಾರರು, ನಾನೂ ನೋಡಲಾರೆ. ರೀಲು ತೊಳೆಸಿ ಬರುವ ತನಕ ಅದು ನನ್ನ ಮತ್ತು ಆ ಪೆಟ್ಟಿಗೆಯ ನಡುವಿನ ಗುಟ್ಟು. ಸಂಸಾರದಲ್ಲಿ ಅಂಥ ಗುಟ್ಟು ಹೆಂಗಸಿಗೆ ಎಷ್ಟಿದೆ ಹೇಳಿ.

ಎರಡನೆಯದು: "ಸರಿಯಾಗಿ ಕಲಿತು ಮಾಡು. ಒಳ್ಳೆಯ ಕ್ಯಾಮೆರಾ ತಗೊ. ಇದರಲ್ಲಿ ಎಲ್ಲ ಮಂಜು ಮಂಜು." ಇದು ಬುದ್ಧಿವಂತರ ಆಕ್ಷೇಪಣೆ. ನಮ್ಮನ್ನು ಸುಮ್ಮನಾಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ, ಏಕೆಂದರೆ "ಸರಿಯಾಗಿ ಕಲಿಯುವ" ಹೊತ್ತು ನಮಗೆ ಎಂದೂ ಬರುವುದಿಲ್ಲ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬಾಕೆಗೆ ಮೊದಲ ಕ್ಯಾಮೆರಾ ಸಿಕ್ಕಿದ್ದು 1863ರಲ್ಲಿ, ತನ್ನ 48ನೇ ವಯಸ್ಸಿನಲ್ಲಿ, ಮಗಳು ಉಡುಗೊರೆ ಕೊಟ್ಟಾಗ. ಇಂಗ್ಲೆಂಡಿನ ತನ್ನ ಮನೆಯ ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡಳು, ಇದ್ದಿಲಿನ ಕೋಣೆಯನ್ನೇ ಕತ್ತಲೆಕೋಣೆ ಮಾಡಿಕೊಂಡಳು. ಚಿತ್ರಗಳು ಮಂಜಾಗಿವೆ, ಈಕೆಗೆ ಕೆಲಸ ಬರುವುದಿಲ್ಲ ಎಂದು ಆ ಕಾಲದ ಫೋಟೋ ಪಂಡಿತರು ಹೀಯಾಳಿಸಿದರು. ಇಂದು ಅವೇ ಮಂಜು ಚಿತ್ರಗಳನ್ನು ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳು ಜೋಪಾನ ಮಾಡಿವೆ.

ನಮ್ಮ ದೇಶದ್ದೇ ಬೇಕೆಂದರೆ ಹೋಮೈ ವ್ಯಾರಾವಾಲಾ ಇದ್ದಾರೆ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದವರು, ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸೀರೆಯುಟ್ಟು ಸೈಕಲ್ಲಿನಲ್ಲಿ ದೆಹಲಿ ಸುತ್ತಿ ಸ್ವಾತಂತ್ರ್ಯದ ಗಳಿಗೆಯನ್ನು ಹಿಡಿದಿಟ್ಟವರು. 2011ರಲ್ಲಿ ಪದ್ಮವಿಭೂಷಣ ಬಂತು, 2012ರಲ್ಲಿ ತೀರಿಕೊಂಡರು. ಇಂಥ ಹೋಮೈ ಅವರ ಆರಂಭದ ಚಿತ್ರಗಳು ಅಚ್ಚಾದದ್ದು ಅವರ ಗಂಡನ ಹೆಸರಿನಲ್ಲಿ. ಹೆಂಗಸು ತೆಗೆದದ್ದು ಎಂದರೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಈಗ ಹೇಳಿ, ಚಿತ್ರ ಚೆನ್ನಾಗಿದ್ದರೆ ಮಾತ್ರ ಒಪ್ಪುತ್ತೇವೆ ಎನ್ನುವವರ ಮಾತನ್ನು ಎಷ್ಟು ನಂಬಬೇಕು? ಚೆನ್ನಾಗಿದ್ದಾಗಲೂ ಹೆಸರು ಬೇರೆಯವರದಾಗಿತ್ತಲ್ಲ.

ಮೂರನೆಯದು ದುಡ್ಡಿನ ಮಾತು. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ರೀಲಿನ ಬೆಲೆ ಏರಿದೆ. ಒಂದು ಬಣ್ಣದ ರೀಲು, ಅದನ್ನು ತೊಳೆಸಿ ಸ್ಕ್ಯಾನು ಮಾಡಿಸುವುದು, ಹೋಗಿಬರುವ ಕೊರಿಯರು, ಎಲ್ಲ ಸೇರಿ ಒಂದೂವರೆ ಸಾವಿರ ದಾಟುತ್ತದೆ. ತುಮಕೂರಿನಲ್ಲಿ ನಾನು ವಿಚಾರಿಸಿದ ಸ್ಟುಡಿಯೋಗಳಲ್ಲಿ ಈಗ ರೀಲು ತೊಳೆಯುವುದಿಲ್ಲ. ಒಬ್ಬರು, "ಅಲ್ಲಾ ಮೇಡಂ, ಇನ್ನೂ ರೀಲು ಹಾಕ್ತೀರಾ? ಮ್ಯೂಸಿಯಂಗೆ ಕೊಡಿ" ಎಂದು ನಕ್ಕರು. ಹಾಗಾಗಿ ಬೆಂಗಳೂರಿನ ಲ್ಯಾಬಿಗೆ ಕಳಿಸುವುದೇ ದಾರಿ. ಆದರೆ ಖರ್ಚಿಗೆ ದಾರಿ ನಮಗೆ ಗೊತ್ತಿಲ್ಲದ್ದೇ? ಪಾತ್ರೆಗೆ ಚೀಟಿ ಹಾಕಿದ್ದೇವೆ, ಸೀರೆಗೆ ಹಾಕಿದ್ದೇವೆ, ಚಿನ್ನಕ್ಕೆ ಹಾಕಿದ್ದೇವೆ. ನಾವು ಆರು ಜನ ರೀಲಿಗೂ ಚೀಟಿ ಹಾಕಿದೆವು. ತಿಂಗಳಿಗೆ ತಲಾ 300 ರೂಪಾಯಿ. 36 ಚಿತ್ರದ ಒಂದು ರೀಲು, ಒಂದೇ ಪ್ಲಾಸ್ಟಿಕ್ ಕ್ಯಾಮೆರಾ, ತಲಾ ಆರು ಚಿತ್ರ. ಐದು ದಿನ ತುಮಕೂರಿನ ಒಂದು ಮನೆಯಲ್ಲಿ, ಐದು ದಿನ ಗುಬ್ಬಿಯಲ್ಲಿ, ಹೀಗೆ ಅದು ಕೈಚೀಲದೊಳಗೆ ಬಸ್ಸಿನಲ್ಲಿ ಓಡಾಡುತ್ತದೆ. ಒಂದು ಚಿತ್ರಕ್ಕೆ 50 ರೂಪಾಯಿ ಬಿತ್ತು. "50 ರೂಪಾಯಿ ದಂಡ" ಎನ್ನುವ ಯಜಮಾನರು ಸಂಜೆ ಸಿಗರೇಟಿನ ಲೆಕ್ಕ ಕೊಡುತ್ತಾರೆಯೇ?

ಹೊಸ ಕ್ಯಾಮೆರಾ ಕೊಳ್ಳುವ ಮೊದಲು ಅಟ್ಟ ಹತ್ತಿ ಹುಡುಕಿ ಎಂಬುದು ನನ್ನ ಸಲಹೆ. ದೊಡ್ಡಪ್ಪನ ಆಗ್ಫಾ ಈಗ ನನ್ನ ಹತ್ತಿರ ಇದೆ. ಅದಕ್ಕೆ ಬೇಕಾದ 120 ಎಂಬ ಅಗಲದ ರೀಲು ಇಂದಿಗೂ ತಯಾರಾಗುತ್ತದೆ, ಬೆಂಗಳೂರಿನಿಂದ ತರಿಸಬಹುದು. ಹಳೆಯ ಕ್ಯಾಮೆರಾ ಸಿಕ್ಕರೆ ಹಿಂಬದಿ ತೆರೆದು, ಬೆಳಕಿನ ಕಡೆ ಹಿಡಿದು ಗುಂಡಿ ಒತ್ತಿ. ಕಣ್ಣು ಮಿಟುಕಿಸಿದಂತೆ ಒಂದು ಬೆಳಕು ಕಂಡರೆ ಷಟರು ಬದುಕಿದೆ. ಲೆನ್ಸನ್ನು ಹಳೆಯ ಮೆತ್ತನೆ ಪಂಚೆಯ ತುಂಡಿನಿಂದ ಒರೆಸಿ, ಸೆರಗಿನಿಂದ ಬೇಡ, ಜರಿ ಗೀರುತ್ತದೆ. ಹಿಂಬದಿಯ ಕೆಂಪು ಕಿಟಕಿಗೆ ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಟೇಪು ಅಂಟಿಸಿ. ರೀಲು ಸುತ್ತುವಾಗ ಮಾತ್ರ ಅದನ್ನೆತ್ತಿ ಅಂಕಿ ನೋಡಿ. ಇಂದಿನ ರೀಲುಗಳು ಬೆಳಕಿಗೆ ಬೇಗ ಸೋಲುತ್ತವೆ.

ರೀಲು ಹಾಕುವುದು ನೆರಳಿನಲ್ಲಿ. ಬಿಗಿಯಾಗಿ ಸುತ್ತಿರಲಿ. ನಡುವೆ ಮುಚ್ಚಳ ತೆರೆಯಬಾರದು, ಮಕ್ಕಳಿಗೆ ಇದನ್ನು ಎರಡು ಸಲ ಹೇಳಿ. ಮೋಡ ಬಿಸಿಲು ಎರಡಕ್ಕೂ ಆಗುವಂತೆ 400 ಎಂದು ಬರೆದ ರೀಲು ಕೊಳ್ಳಿ. ಸೂರ್ಯ ನಿಮ್ಮ ಬೆನ್ನಿಗೋ ಭುಜಕ್ಕೋ ಇರಲಿ. ಹಳೆಯ ಆಗ್ಫಾ ಆದರೆ ಹತ್ತು ಅಡಿ, ಹೊಸ ಪ್ಲಾಸ್ಟಿಕ್ ಕ್ಯಾಮೆರಾ ಆದರೆ ನಾಲ್ಕೈದು ಅಡಿ ದೂರ ನಿಲ್ಲಿ; ಇನ್ನೂ ಹತ್ತಿರ ಹೋದರೆ ಲೆನ್ಸು ಹಿಡಿಯಲಾರದು. ನಾವು ಇಣುಕುವ ಕಿಂಡಿ ಬೇರೆ, ಲೆನ್ಸು ಬೇರೆ. ಬೆರಳು ಅಡ್ಡ ಬಂದರೆ ಕಿಂಡಿಯಲ್ಲಿ ಕಾಣುವುದಿಲ್ಲ. ಮೊಣಕೈ ಪಕ್ಕೆಗೊತ್ತಿ, ಉಸಿರು ಹಿಡಿದು, ಮೆಲ್ಲಗೆ ಒತ್ತಿ. ಫ್ಲಾಶ್ ಇಲ್ಲದಿದ್ದರೆ ಮನೆಯೊಳಗೆ ಬೇಡ, ಹೊಸಿಲಿನ ಆಚೆ ಬೆಳಕಿಗೆ ಕರೆಯಿರಿ. ನಮ್ಮ ಬೇಸಿಗೆಗೆ ರೀಲು ಕೆಡುತ್ತದೆ, ಹಾಗಾಗಿ ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಇಡಿ. ಹೊರಗೆ ತೆಗೆದು ಒಂದೆರಡು ಗಂಟೆ ಬಿಟ್ಟು ಡಬ್ಬಿ ತೆರೆಯಿರಿ. ಇಷ್ಟೇ ವಿದ್ಯೆ. ಹುಳಿಗೆ ಹದ ನೋಡಿ ಉಪ್ಪು ಹಾಕುವವರಿಗೆ ಇದು ಕಷ್ಟವೆಂದು ಯಾರಾದರೂ ಹೇಳಿದರೆ ಅವರಿಗೆ ಹುಳಿ ಬಡಿಸಬೇಡಿ.

ಕಪ್ಪುಬಿಳುಪು ರೀಲನ್ನಂತೂ ಮನೆಯಲ್ಲೇ ತೊಳೆಯಬಹುದು. ಅಮೆರಿಕದ ರಾಚೆಸ್ಟರಿನ ಕಾಲೇಜೊಂದರಲ್ಲಿ ಸ್ಕಾಟ್ ವಿಲಿಯಮ್ಸ್ ಎಂಬ ಅಧ್ಯಾಪಕರು 1995ರಲ್ಲಿ ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ ಕಾಫಿಯಿಂದಲೇ ಚಿತ್ರ ಮೂಡಿಸಿ ತೋರಿಸಿದರು. ಇನ್‌ಸ್ಟಂಟ್ ಕಾಫಿಪುಡಿ ಮತ್ತು ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ. ಜೊತೆಗೆ ವಿಟಮಿನ್ ಸಿ ಪುಡಿ ಹಾಕುವವರೂ ಇದ್ದಾರೆ. ನಮ್ಮ ಫಿಲ್ಟರ್ ಕಾಫಿಯ ಪುಡಿಯಾಗಲಿ ಅಡುಗೆ ಸೋಡಾ ಆಗಲಿ ನಡೆಯುವುದಿಲ್ಲ. ಬೆಳಕು ನುಗ್ಗದ ಡಬ್ಬಿ, ಚಿತ್ರ ನಿಲ್ಲಿಸಲು ಫಿಕ್ಸರ್ ಎಂಬ ದ್ರಾವಣ, ಅಡುಗೆಗೆ ಮತ್ತೆಂದೂ ಬಳಸದ ಪಾತ್ರೆ ಬೇಕು. ವಾಸನೆ ಕೆಟ್ಟದು. ಆದರೂ ಕಾಫಿಪುಡಿ ಸೋಡಾಪುಡಿಗಳ ಒಡೆತನ ನಮ್ಮದೇ ಎಂದು ಸಮಾಜ ಒಪ್ಪಿರುವಾಗ, ಅವುಗಳಿಂದಾಗುವ ಈ ಕೆಲಸ ಮಾತ್ರ ನಮ್ಮದಲ್ಲವೇ?

ಇನ್ನೊಂದು ಕಡೆಯವರ ಜೊತೆಗೂ ನನಗೆ ಜಗಳವಿದೆ. 1992ರಲ್ಲಿ ವಿಯೆನ್ನಾದಲ್ಲಿ ಕೆಲವು ತರುಣರು ಅಗ್ಗದ ರಷ್ಯನ್ ಕ್ಯಾಮೆರಾ ಹಿಡಿದು ಒಂದು ಸಂಘ ಕಟ್ಟಿದರು. ಯೋಚಿಸಬೇಡಿ, ಒತ್ತಿಬಿಡಿ ಎಂಬುದು ಅವರ ಧೋರಣೆ. ಆಟದಿಂದ ಶುರುವಾದದ್ದು ದೊಡ್ಡ ವ್ಯಾಪಾರವಾಯಿತು. ಸಾಮಾನ್ಯರಿಗೆಂದು ಹುಟ್ಟಿದ ಪ್ಲಾಸ್ಟಿಕ್ ಕ್ಯಾಮೆರಾ ಈಗ ಬಣ್ಣದ ಡಬ್ಬಿಯಲ್ಲಿ ಕೂತು ಸಾವಿರಾರು ರೂಪಾಯಿ ಕೇಳುತ್ತದೆ. ಬೆಳಕು ನುಗ್ಗಿ ಕೆಂಪಾದ ಚಿತ್ರವನ್ನೆಲ್ಲ ಕಲೆ ಎಂದು ಕರೆಯುವವರೂ ಇದ್ದಾರೆ. ನಾನು ಮಂಜನ್ನು ಪೂಜಿಸಲು ಹೇಳುತ್ತಿಲ್ಲ. ಮುಖ ಸ್ಪಷ್ಟ ಬಂದರೆ ನನಗೆ ಸಂತೋಷವೇ. ದುಬಾರಿ ಆಟಿಕೆ ಕೊಂಡು ಶೋಕಿ ಮಾಡುವವರ ಸಾಲಿಗೆ ನಾವು ಸೇರಬೇಕಾಗಿಲ್ಲ. ಎರಡು ಮೂರು ಸಾವಿರದ ಮೇಲೆ ಹೇಳಿದರೆ ಬಿಟ್ಟು ಬನ್ನಿ; ಅಟ್ಟದ ಆಗ್ಫಾ ಅದಕ್ಕಿಂತ ಮೇಲು.

ಕೊನೆಯ ಆಕ್ಷೇಪಣೆ ಎಲ್ಲಕ್ಕಿಂತ ಮೆತ್ತಗಿನದು, ಎಲ್ಲಕ್ಕಿಂತ ಹೆಚ್ಚು ಚುಚ್ಚುವಂಥದ್ದು: "ಈ ವಯಸ್ಸಿನಲ್ಲಿ ಇದೆಂಥ ಆಟ?" ಕಸೂತಿ ಹಾಕಿದರೆ ಯಾರೂ ಹೀಗೆ ಕೇಳುವುದಿಲ್ಲ, ದಿಂಬಿಗಾಗುತ್ತದೆ. ಹಪ್ಪಳ ಇಟ್ಟರೆ ಕೇಳುವುದಿಲ್ಲ, ಊಟಕ್ಕಾಗುತ್ತದೆ. ಹೆಂಗಸಿನ ಹವ್ಯಾಸ ಮನೆಗೆ ಏನಾದರೂ ತಂದುಕೊಡಬೇಕು. ಗಂಡಸರು ಗಂಟೆಗಟ್ಟಲೆ ಕ್ರಿಕೆಟ್ ನೋಡಿದರೆ ಅದರಿಂದ ಏನು ಬಂತೆಂದು ಯಾರೂ ಕೇಳುವುದಿಲ್ಲ.

ಆಟ ಎಂಬ ಮಾತು ಕೀಳೆಂದು ಗುಬ್ಬಿ ಸೀಮೆಯವರು ಹೇಳಬಾರದು. ನಾಟಕಕ್ಕೆ ಹೋಗುವುದನ್ನು ನಮ್ಮ ಹಿರಿಯರು ಆಟ ನೋಡುವುದು ಎಂದೇ ಕರೆಯುತ್ತಿದ್ದರು. 1884ರಲ್ಲಿ ಶುರುವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಆಟದಿಂದಲೇ ಈ ಪುಟ್ಟ ಊರಿನ ಹೆಸರನ್ನು ಕನ್ನಡನಾಡಿನಾಚೆಗೂ ಒಯ್ದಿತು. ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲ ಕಳೆದು ಹೆಂಗಸರು ರಂಗಕ್ಕೆ ಬಂದಾಗ ಎಷ್ಟು ನಾಲಗೆಗಳು ಆಡಿಕೊಂಡಿರಬೇಕು! ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮನವರು ಅಭಿನಯಿಸಿದರು, ಜನ ಮುಗಿಬಿದ್ದು ನೋಡಿದರು. ಆ ಜಯಮ್ಮನವರು ಇಂದಿಗೂ ನಮಗೆ ಉಳಿದಿರುವುದು ಯಾರೋ ತೆಗೆದ ಚಿತ್ರಗಳಲ್ಲಿ. ಆಟವನ್ನು ಆಡಿದವರೂ ಬೇಕು, ಅದನ್ನು ಹಿಡಿದಿಡುವವರೂ ಬೇಕು.

ಏನು ತೆಗೆಯಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ನೀವು ದಿನಾ ನೋಡಿ ಯಾರಿಗೂ ಹೇಳದಿರುವುದು. ಅಮಾನಿಕೆರೆಯ ದಡದಲ್ಲಿ ಬೆಳಿಗ್ಗೆ ಚಪ್ಪಲಿ ಕಳಚಿ ಕೂತ ಗೆಳತಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಹಬೆ ಬಿಸಿಲಿಗೆ ಏಳುವುದು. ಶಿವರಾತ್ರಿ ಹೊತ್ತಿನ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ಹುಡುಗಿ. ಗುಬ್ಬಿಯ ನಿಲ್ದಾಣದಲ್ಲಿ ಬಾಳೆಲೆ ಕಟ್ಟು ಹೊತ್ತು ರೈಲಿಗೆ ಕಾಯುವವರು. ಕುಣಿಗಲ ಏರಿಯ ಸಂಜೆ. ಬೇರೆಯವರ ಮುಖ ತೆಗೆಯುವ ಮುನ್ನ ಒಂದು ಮಾತು ಕೇಳಿ. ನಮ್ಮನ್ನು ಯಾರೂ ಕೇಳದೆ ತೆಗೆದದ್ದು ಸಾಕು. ಆರೇ ಚಿತ್ರ ಇದೆ ಎಂದಾಗ ಕಣ್ಣು ತಾನಾಗಿ ಚುರುಕಾಗುತ್ತದೆ. ಐದು ದಿನ ಯೋಚಿಸಿ ಒಂದು ಒತ್ತುತ್ತೀರಿ. ಬಾರದೇ ಹೋದರೂ ಆ ಐದು ದಿನ ನೋಡಿದ್ದು ನಿಮ್ಮದು.

ರೀಲು ತೊಳೆಸಿ ಬಂದ ಮೇಲೆ ಫೋನಿನಲ್ಲೇ ಬಿಡಬೇಡಿ, ಚೆನ್ನಾಗಿ ಬಂದವನ್ನು ಕಾರ್ಡು ಹಾಕಿಸಿ. ನಮ್ಮ ಚೀಟಿಯಲ್ಲಿ ಒಂದು ನಿಯಮವಿದೆ. ಪ್ರತಿ ಕಾರ್ಡಿನ ಹಿಂದೆ ಊರು, ತಾರೀಖು, ಅದರ ಕೆಳಗೆ "ತೆಗೆದವರು" ಎಂದು ಬರೆದು ಸ್ವಂತ ಹೆಸರು ಬರೆಯಬೇಕು. ಇಂಥವರ ಹೆಂಡತಿ ಎಂದಲ್ಲ, ಇಂಥವರ ತಾಯಿ ಎಂದಲ್ಲ. ಗುಬ್ಬಿಯ ಒಬ್ಬ ಸದಸ್ಯೆ ಮೊದಲ ಸಲ ಬರೆಯುವಾಗ ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಬ್ಯಾಂಕಿನ ಸ್ಲಿಪ್ಪು, ರೇಷನ್ ಕಾರ್ಡಿನ ಅರ್ಜಿ ಬಿಟ್ಟರೆ ಹೆಸರು ಬರೆದು ಎಷ್ಟೋ ವರ್ಷವಾಗಿತ್ತಂತೆ. ಆಮೇಲೆ ದುಂಡಗೆ ಬರೆದರು. ನಮ್ಮ ಮುಂದಿನ ರೀಲಿನಲ್ಲಿ ಆರು ಜನಕ್ಕೆ ಜಾಗ ತುಂಬಿದೆ. ನೀವು ಇನ್ನೊಂದು ಚೀಟಿ ಶುರು ಮಾಡಿ.